ಕಾಂಟ್ರ್ಯಾಕ್ಟರ್‌ಗೆ ದುಡ್ಡು ಕೊಟ್ಟ ಮೇಲೂ ಸಬ್‌ಕಾಂಟ್ರ್ಯಾಕ್ಟರ್ ಮನೆ ಮೇಲೆ ಲೀನ್ ಹಾಕಬಹುದಾ? (ಕ್ಯಾಲಿಫೋರ್ನಿಯಾ, ಅಡುಗೆಮನೆ ಕೆಲಸ)

ಮಿಷನ್‌ಪೀಕ್:
ಫ್ರೀಮಾಂಟ್‌ನಲ್ಲಿ ಅಡುಗೆಮನೆ ಪೂರ್ತಿ ಒಡೆದು ಹೊಸದಾಗಿ ಮಾಡಿಸುವ ಕೆಲಸ. 80,000 ಡಾಲರ್ ಒಪ್ಪಂದ, ಒಬ್ಬರೇ ಜನರಲ್ ಕಾಂಟ್ರ್ಯಾಕ್ಟರ್. ವೈರಿಂಗ್, ಪ್ಲಂಬಿಂಗ್, ಕ್ಯಾಬಿನೆಟ್, ಟೈಲ್ ಎಲ್ಲ ಅವರೇ ಬೇರೆಯವರ ಕೈಲಿ ಮಾಡಿಸುತ್ತಾರೆ. ಇವತ್ತು ಟೈಲ್ ಅಂಗಡಿಯಿಂದ ಸರ್ಟಿಫೈಡ್ ಅಂಚೆಯಲ್ಲಿ ‘ಪ್ರಿಲಿಮಿನರಿ ನೋಟಿಸ್’ ಅಂತ ಒಂದು ಕಾಗದ ಬಂದಿದೆ. ಕಾಂಟ್ರ್ಯಾಕ್ಟರ್‌ಗೆ ಪೂರ್ತಿ ಹಣ ಕೊಟ್ಟಿದ್ದರೂ ನಿಮ್ಮ ಆಸ್ತಿ ಮೇಲೆ ಲೀನ್ (ಬಾಕಿ ವಸೂಲಿಗೆ ಆಸ್ತಿ ಮೇಲೆ ದಾಖಲಿಸುವ ಹಕ್ಕು) ಬರಬಹುದು ಅಂತ ದಪ್ಪಕ್ಷರದಲ್ಲಿ ಬರೆದಿದೆ. ಆ ಅಂಗಡಿ ಜತೆ ನನ್ನ ಒಪ್ಪಂದವೇ ಇಲ್ಲ. ಇದು ನಿಜವಾ? ಮುಂದಿನ ಕಂತು 24,000 ಡಾಲರ್ ಹತ್ತು ದಿನದಲ್ಲಿ ಕೊಡಬೇಕು. ಅಷ್ಟರಲ್ಲಿ ಏನು ಮಾಡಬೇಕು?

ದಫ್ತರ:
ನಿಜ ಸರ್. ಕ್ಯಾಲಿಫೋರ್ನಿಯಾದಲ್ಲಿ ಮೆಕ್ಯಾನಿಕ್ಸ್ ಲೀನ್ ಹಕ್ಕು ರಾಜ್ಯದ ಸಂವಿಧಾನದಲ್ಲೇ ಇದೆ, 14ನೇ ವಿಧಿಯ 3ನೇ ಸೆಕ್ಷನ್. ವಿವರ ಸಿವಿಲ್ ಕೋಡ್‌ನ 8000ರಿಂದ ಶುರುವಾಗುವ ಸೆಕ್ಷನ್‌ಗಳಲ್ಲಿದೆ. ಮನೆಗೆ ಯಾರ ಬೆವರು, ಯಾರ ಸಾಮಾನು ಸೇರಿದೆಯೋ ಅವರ ಬಾಕಿಗೆ ಮನೆಯೇ ಜಾಮೀನು ಅನ್ನುವುದು ಅದರ ಹಿಂದಿನ ತರ್ಕ. ಅವರಿಗೆ ನಿಮ್ಮ ಜತೆ ಒಪ್ಪಂದ ಇರಬೇಕಾಗಿಲ್ಲ. ನೀವು ಕಾಂಟ್ರ್ಯಾಕ್ಟರ್‌ಗೆ 80,000 ಕೊಟ್ಟು, ಅವರು ಟೈಲ್ ಅಂಗಡಿಗೆ 9,000 ಬಾಕಿ ಉಳಿಸಿದರೆ, ಆ 9,000 ಎರಡನೇ ಸಲ ನಿಮ್ಮ ಜೇಬಿನಿಂದ ಹೋಗಬಹುದು. ಲೀನ್ ಕೂತ ಮೇಲೆ ಮನೆ ಮಾರುವುದಾಗಲಿ ರೀಫೈನಾನ್ಸ್ ಆಗಲಿ ಆಸ್ತಿಯ ಹಕ್ಕುಪತ್ರ ಪರಿಶೀಲಿಸುವ ಟೈಟಲ್ ಕಂಪನಿ ಹತ್ತಿರ ನಿಂತುಬಿಡುತ್ತದೆ.

ಆದರೆ ಪ್ರಿಲಿಮ್ (ಪ್ರಿಲಿಮಿನರಿ ನೋಟಿಸ್) ಬಂತು ಅಂದರೆ ಗಲಾಟೆ ಶುರುವಾಯಿತು ಅಂತಲ್ಲ. ಅದು ತಕರಾರಲ್ಲ, ‘ನಾನೂ ಈ ಕೆಲಸದಲ್ಲಿದ್ದೇನೆ’ ಅನ್ನುವ ಹಾಜರಿ. ಒಳ್ಳೆಯ ಅಂಗಡಿಗಳು ಪ್ರತಿ ಕೆಲಸಕ್ಕೂ ತಪ್ಪದೆ ಕಳಿಸುತ್ತವೆ. ಅಂಚೆಯವನಿಂದ ಲಕೋಟೆ ತೆಗೆದುಕೊಳ್ಳದೆ ವಾಪಸ್ ಕಳಿಸಿದರೆ ಬಚಾವಾಗುತ್ತೇವೆ ಅಂದುಕೊಳ್ಳುವವರಿದ್ದಾರೆ. ಆಗುವುದಿಲ್ಲ, ಅಂಚೆಗೆ ಹಾಕಿದಾಗಲೇ ನೋಟಿಸ್ ಕೊಟ್ಟಂತೆ ಲೆಕ್ಕ. ತೆಗೆದುಕೊಳ್ಳಿ, ಲಕೋಟೆ ಸಮೇತ ಫೈಲ್ ಮಾಡಿ. ಅಂಚೆ ಮುದ್ರೆಯ ದಿನಾಂಕ ಮುಂದೆ ಕೆಲಸಕ್ಕೆ ಬರುತ್ತದೆ.

ಗಾರೆಮನೆ:
ಆ ದಿನಾಂಕ ಯಾಕೆ ಮುಖ್ಯ ಅಂತ ಹೇಳಿಬಿಡುತ್ತೇನೆ. ಸಬ್ (ಸಬ್‌ಕಾಂಟ್ರ್ಯಾಕ್ಟರ್) ಆಗಲಿ, ಸಾಮಾನು ಕೊಡುವವರಾಗಲಿ ಕೆಲಸ ಅಥವಾ ಸಾಮಾನು ಕೊಡಲು ಶುರು ಮಾಡಿದ 20 ದಿನದೊಳಗೆ ಪ್ರಿಲಿಮ್ ಕೊಡಬೇಕು. ತಡವಾದರೆ ಹಕ್ಕು ಪೂರ್ತಿ ಹೋಗುವುದಿಲ್ಲ, ನೋಟಿಸಿಗೆ ಹಿಂದಿನ 20 ದಿನದಿಂದ ಈಚೆಗಿನ ಕೆಲಸಕ್ಕಷ್ಟೇ ಉಳಿಯುತ್ತದೆ. ಮಾರ್ಚ್ 3ಕ್ಕೆ ಟೈಲ್ ಇಳಿಸಿ ಏಪ್ರಿಲ್ 10ಕ್ಕೆ ನೋಟಿಸ್ ಹಾಕಿದ್ದರೆ, ಮಾರ್ಚ್ 21ಕ್ಕಿಂತ ಮುಂಚೆ ಇಳಿಸಿದ್ದಕ್ಕೆ ಲೀನ್ ಇಲ್ಲ.

ನೋಟಿಸಿನಲ್ಲಿ ಅಂದಾಜು ಮೊತ್ತ ಇರುತ್ತದೆ, ಅದನ್ನೂ ನೋಡಿ. ನಿಮ್ಮ ಒಪ್ಪಂದದಲ್ಲಿ ಟೈಲ್‌ಗೆ 4,000 ಇಟ್ಟು, ನೋಟಿಸಿನಲ್ಲಿ 9,000 ಇದ್ದರೆ ಅವತ್ತೇ ಕಾಂಟ್ರ್ಯಾಕ್ಟರನ್ನು ಕೇಳಬೇಕು.

ಬೆಳ್ಳಂದೂರು:
ನಮ್ಮ ಕಡೆಯವರು ಇದರಲ್ಲಿ ಸಿಕ್ಕಿಬೀಳುವುದಕ್ಕೆ ಒಂದು ಕಾರಣ ಇದೆ. ಬೆಂಗಳೂರಿನಲ್ಲಿ ಮೇಸ್ತ್ರಿಗೆ ದುಡ್ಡು ಕೊಟ್ಟರೆ ಮುಗಿಯಿತು. ಮೇಸ್ತ್ರಿ ಟೈಲ್ ಅಂಗಡಿಗೆ ಬಾಕಿ ಉಳಿಸಿದರೆ ಅಂಗಡಿಯವರು ಮೇಸ್ತ್ರಿ ಮೇಲೆ ದಾವೆ ಹೂಡಬೇಕೇ ಹೊರತು ಮನೆ ಮೇಲೆ ಬರುವ ಹಾಗಿಲ್ಲ. ಕಾಂಟ್ರ್ಯಾಕ್ಟ್ ಆ್ಯಕ್ಟ್‌ನ 170ನೇ ಸೆಕ್ಷನ್ನಿನಲ್ಲಿ ಲೀನ್ ಅಂತ ಇರುವುದು ರಿಪೇರಿಗೆ ಕೊಟ್ಟ ವಸ್ತುವನ್ನು ಕೂಲಿ ಕೊಡುವ ತನಕ ಇಟ್ಟುಕೊಳ್ಳುವ ಹಕ್ಕು, ಅದು ಚರ ವಸ್ತುವಿಗೆ. ಆ ಅಭ್ಯಾಸದಲ್ಲಿ ಇಲ್ಲಿಗೆ ಬಂದವರು ‘ಅವರಿಗೂ ನಮಗೂ ಏನು ಸಂಬಂಧ’ ಅಂತ ಪ್ರಿಲಿಮ್ ಕಾಗದ ಕಸದ ಬುಟ್ಟಿಗೆ ಹಾಕುತ್ತಾರೆ.

ಕಲ್ಲುಕಂಬ:
ಅಷ್ಟು ತಲೆ ಕೆಡಿಸಿಕೊಳ್ಳಬೇಕಾ? ಕೊನೆಯ ಕಂತು ಕೊಡುವಾಗ ಕಾಂಟ್ರ್ಯಾಕ್ಟರ್ ಹತ್ತಿರ ‘ಎಲ್ಲ ಬಾಕಿ ತೀರಿದೆ’ ಅಂತ ಒಂದು ಸಹಿ ತೆಗೆದುಕೊಂಡರೆ ಸಾಲದಾ?

ದಫ್ತರ:
ಸಾಲದು ಸರ್, ಬಹಳ ಜನ ಎಡವುವುದು ಇಲ್ಲೇ. ಟೈಲ್ ಅಂಗಡಿಯ ಹಕ್ಕನ್ನು ಟೈಲ್ ಅಂಗಡಿಯೇ ಬಿಟ್ಟುಕೊಡಬೇಕು, ಕಾಂಟ್ರ್ಯಾಕ್ಟರ್ ಸಹಿಯಿಂದ ಅದು ಹೋಗುವುದಿಲ್ಲ. ಕೊನೆಯ ತನಕ ಕಾದರೆ ನಿಮ್ಮ ಕೈಲಿ ಉಳಿದಿರುವುದು 8,000, ಹೊರಗಿನ ಬಾಕಿ 20,000 ಅನ್ನುವಂತಾಗಬಹುದು. ಪ್ರತಿ ಕಂತಿಗೂ ಪ್ರತಿ ಪ್ರಿಲಿಮ್‌ದಾರರಿಂದ ಬಿಡುಗಡೆ ಪತ್ರ ಬೇಕು.

ಪತ್ರ ಅಂದರೆ ಮನಸ್ಸಿಗೆ ಬಂದಂತೆ ಬರೆಸುವುದಲ್ಲ. ಸಿವಿಲ್ ಕೋಡ್‌ನಲ್ಲಿ ನಾಲ್ಕು ನಮೂನೆ ಕೊಟ್ಟಿದ್ದಾರೆ, ಆ ಮಾದರಿಗೆ ಹೊಂದದ ಪತ್ರ ನಿಲ್ಲುವುದಿಲ್ಲ. ನಡುವಿನ ಕಂತಿಗೆ ಷರತ್ತಿನದು 8132, ಷರತ್ತಿಲ್ಲದ್ದು 8134. ಕೊನೆಯ ಕಂತಿಗೆ ಷರತ್ತಿನದು 8136, ಷರತ್ತಿಲ್ಲದ್ದು 8138. ಷರತ್ತಿನದು ಅಂದರೆ ‘ಈ ಚೆಕ್ ಪಾಸಾದರೆ ನನ್ನ ಹಕ್ಕು ಬಿಟ್ಟೆ’. ಷರತ್ತಿಲ್ಲದ್ದು ಅಂದರೆ ‘ಹಣ ಕೈಸೇರಿದೆ, ಹಕ್ಕು ಬಿಟ್ಟೆ’.

ಚೆಕ್ ಕೊಡುವ ಮೊದಲು 8132 ಕೈಗೆ ಬರಬೇಕು. ಚೆಕ್ ಪಾಸಾದ ಮೇಲೆ 8134 ಬರಬೇಕು. ಆಮೇಲೆ ಮುಂದಿನ ಕಂತು. ಇದು ನೀವು ಬೇಡಿಕೊಳ್ಳುವ ಉಪಕಾರವಲ್ಲ. ಬಿಸಿನೆಸ್ ಆ್ಯಂಡ್ ಪ್ರೊಫೆಷನ್ಸ್ ಕೋಡ್ 7159 ಪ್ರಕಾರ, ಹಣ ಸಂದಾಯವಾದ ಭಾಗಕ್ಕೆ ಲೀನ್ ಹಾಕಬಲ್ಲ ಎಲ್ಲರ ಷರತ್ತಿಲ್ಲದ ಬಿಡುಗಡೆಯನ್ನು ಕಾಂಟ್ರ್ಯಾಕ್ಟರ್ ಮುಂದಿನ ಹಣ ಕೇಳುವ ಮುಂಚೆ ನಿಮಗೆ ಕೊಡಬೇಕು. ‘ನಮ್ಮಲ್ಲಿ ಆ ಪದ್ಧತಿ ಇಲ್ಲ’ ಅಂದರೆ ಈ ಸೆಕ್ಷನ್ ತೋರಿಸಿ.

ಗಾರೆಮನೆ:
8132 ನಮೂನೆ ಕೈಗೆ ಬಂದಾಗ ಎರಡು ಜಾಗ ಕಣ್ಣಿಟ್ಟು ಓದಿ. ಒಂದು, ‘ಥ್ರೂ ಡೇಟ್’. ಬಿಡುಗಡೆ ಆ ದಿನದ ತನಕದ ಕೆಲಸಕ್ಕೆ ಮಾತ್ರ. ಕಂತು ಏಪ್ರಿಲ್ 30ರ ತನಕದ ಕೆಲಸಕ್ಕೆ ಕೊಡುತ್ತಿದ್ದೀರಿ, ಪತ್ರದಲ್ಲಿ ಮಾರ್ಚ್ 31 ಅಂತಿದೆ ಅಂದರೆ ಏಪ್ರಿಲ್ ಪೂರ್ತಿ ಬಯಲಲ್ಲಿದೆ. ಎರಡು, ಕೆಳಗಿರುವ ‘ಎಕ್ಸೆಪ್ಷನ್ಸ್’. ಎಕ್ಸ್‌ಟ್ರಾ ಕೆಲಸ, ತಡೆಹಿಡಿದ ಹಣ, ಇನ್ನೂ ಹಣ ಬಾರದ ಹಳೆಯ ಷರತ್ತಿನ ಪತ್ರಗಳ ದಿನಾಂಕ ಎಲ್ಲ ಅಲ್ಲಿ ಬರುತ್ತದೆ. ಅಲ್ಲಿ ಫೆಬ್ರುವರಿಯ ದಿನಾಂಕ ಕಂಡರೆ ಫೆಬ್ರುವರಿ ಹಣ ಕಾಂಟ್ರ್ಯಾಕ್ಟರ್ ಇನ್ನೂ ಅವರಿಗೆ ದಾಟಿಸಿಲ್ಲ ಅಂತ ಅರ್ಥ. ಪೇಚಿನ ಮೊದಲ ಸುಳಿವು ಬಹಳ ಸಲ ಈ ಎರಡು ಸಾಲಲ್ಲೇ ಸಿಗುತ್ತದೆ.

ಚೆಕ್ ಯಾರು ಬರೆದದ್ದು, ಎಷ್ಟು, ಯಾರ ಹೆಸರಿಗೆ ಅನ್ನುವ ಜಾಗಗಳು ಖಾಲಿ ಇದ್ದರೆ ಪತ್ರ ತೆಗೆದುಕೊಳ್ಳಬೇಡಿ. ಷರತ್ತು ನಿಂತಿರುವುದೇ ಆ ಚೆಕ್ ಮೇಲೆ.

ಮಿಷನ್‌ಪೀಕ್:
ಕೇಳಿದೆ. ಟೈಲ್‌ಗೆ 9,000 ಬಿಲ್ ಇದೆಯಂತೆ. ‘ನೀವು ಹಣ ಕೊಟ್ಟರೆ ನಾನು ಅವರಿಗೆ ಕೊಟ್ಟು ಪತ್ರ ತರಿಸುತ್ತೇನೆ’ ಅನ್ನುತ್ತಾರೆ ಕಾಂಟ್ರ್ಯಾಕ್ಟರ್. ಅಂಗಡಿಯವರು ‘ಹಣ ಬಂದ ಮೇಲೆ ಪತ್ರ’ ಅನ್ನುತ್ತಾರೆ.

ದಫ್ತರ:
ಇಬ್ಬರೂ ತಪ್ಪು ಹೇಳುತ್ತಿಲ್ಲ, ಷರತ್ತಿನ ಪತ್ರ ಇರುವುದೇ ಈ ಗಂಟಿಗೆ. ಹಣ ಬಾರದಿದ್ದರೆ ಪತ್ರಕ್ಕೆ ಬೆಲೆ ಇಲ್ಲ ಅಂತ ಅದರಲ್ಲೇ ಬರೆದಿರುವುದರಿಂದ ಅಂಗಡಿಗೆ ಸಹಿ ಹಾಕಲು ಭಯ ಬೇಕಿಲ್ಲ. ಇನ್ನೂ ಭದ್ರ ಬೇಕೆಂದರೆ ಜಂಟಿ ಚೆಕ್. 24,000ವನ್ನು ಒಡೆಯಿರಿ. 9,000 ಕಾಂಟ್ರ್ಯಾಕ್ಟರ್ ಮತ್ತು ಟೈಲ್ ಅಂಗಡಿ ಇಬ್ಬರ ಹೆಸರಿಗೆ, 15,000 ಕಾಂಟ್ರ್ಯಾಕ್ಟರ್ ಒಬ್ಬರ ಹೆಸರಿಗೆ.

ಚೆಕ್ ಬರೆಯುವಾಗ ಇಬ್ಬರ ಹೆಸರಿನ ನಡುವೆ ‘ಆ್ಯಂಡ್’ ಅಂತ ಅಕ್ಷರದಲ್ಲಿ ಬರೆಯಿರಿ. ‘ಆರ್’ ಅಂತ ಬರೆದರೆ ಇಬ್ಬರಲ್ಲಿ ಯಾರು ಬೇಕಾದರೂ ಒಬ್ಬರೇ ನಗದು ಮಾಡಿಕೊಳ್ಳಬಹುದು. ಓರೆಗೆರೆ ಎಳೆದರೂ ಬ್ಯಾಂಕ್ ಅದನ್ನು ‘ಆರ್’ ಅಂತಲೇ ಓದಬಹುದು. ಕೆಳಗೆ ಮೆಮೊ ಸಾಲಿನಲ್ಲಿ ಮನೆ ವಿಳಾಸ, ಟೈಲ್ ಇನ್‌ವಾಯ್ಸ್ ನಂಬರ್ ಹಾಕಿ.

1977ರ ಪೋಸ್ಟ್ ಬ್ರದರ್ಸ್ ವಿರುದ್ಧ ಯೋಡರ್ ತೀರ್ಪಿನಿಂದ ಕ್ಯಾಲಿಫೋರ್ನಿಯಾದಲ್ಲಿ ಒಂದು ನಿಯಮ ಗಟ್ಟಿಯಾಗಿದೆ. ಸಾಮಾನು ಕೊಟ್ಟವರು ಜಂಟಿ ಚೆಕ್‌ನ ಹಿಂದೆ ಸಹಿ ಹಾಕಿದರೆ, ಆ ಚೆಕ್‌ನಿಂದ ತಮಗೆ ಬರಬೇಕಾದ ಹಣ ಬಂದಂತೆಯೇ ಲೆಕ್ಕ. ಸಹಿ ಹಾಕಿ ಚೆಕ್ಕನ್ನು ಕಾಂಟ್ರ್ಯಾಕ್ಟರ್ ಕೈಗೆ ಕೊಟ್ಟು, ಆಮೇಲೆ ‘ನನಗೆ ಬರಲಿಲ್ಲ’ ಅಂತ ನಿಮ್ಮ ಮನೆ ಮೇಲೆ ಬರುವಂತಿಲ್ಲ.

ಒಂದು ಎಚ್ಚರ. ಜಂಟಿ ಚೆಕ್ ಕೊಡಬಹುದು ಅಂತ ಒಪ್ಪಂದದಲ್ಲಿ ಇಲ್ಲದಿದ್ದರೆ ಮೂರೂ ಕಡೆಯವರು ಸಹಿ ಮಾಡಿದ ಒಂದು ಪುಟದ ಕರಾರು ಮಾಡಿಕೊಂಡು ಮುಂದುವರಿಯಿರಿ. ಇಲ್ಲದಿದ್ದರೆ ‘ನನ್ನ ಹಣ ತಡೆದರು’ ಅಂತ ಕಾಂಟ್ರ್ಯಾಕ್ಟರ್ ಕೆಲಸ ನಿಲ್ಲಿಸಬಹುದು. ಚೆಕ್ಕನ್ನು ಅಂಗಡಿಯವರ ಎದುರೇ ಕೊಡುವುದು ವಾಸಿ. ಕಳ್ಳ ಸಹಿ ಬಿದ್ದರೆ ಮೇಲಿನ ನಿಯಮ ನಿಮ್ಮ ನೆರವಿಗೆ ಬಾರದು.

ಸಿಯೆರಾ_ಗೃಹಿಣಿ:
ಪ್ರಿಲಿಮ್ ಕಳಿಸಿದವರ ಪಟ್ಟಿ ಇಟ್ಟುಕೊಂಡರೆ ಎಲ್ಲರೂ ಬಂದಂತಾ? ನಮ್ಮಲ್ಲಿ ಡ್ರೈವಾಲ್ (ಜಿಪ್ಸಂ ಹಲಗೆಯ ಗೋಡೆ) ಹಾಕಿದವರಿಂದ ಏನೂ ಬಂದಿಲ್ಲ.

ಗಾರೆಮನೆ:
ಪೂರ್ತಿ ಅಲ್ಲ ಮೇಡಂ. ಡ್ರೈವಾಲ್ ಸಬ್ ಆದರೆ ಪ್ರಿಲಿಮ್ ಇಲ್ಲದೆ ಲೀನ್ ಇಲ್ಲ, ಆದರೆ 20 ದಿನ ಇನ್ನೂ ಮುಗಿದಿರಲಿಕ್ಕಿಲ್ಲ. ದಿನಗೂಲಿಗೆ, ಸಂಬಳಕ್ಕೆ ದುಡಿಯುವ ಕೆಲಸಗಾರರು ಪ್ರಿಲಿಮ್ ಕೊಡಬೇಕಾಗಿಯೇ ಇಲ್ಲ, ಕೂಲಿ ಬಾಕಿಗೆ ಅವರು ನೇರ ಲೀನ್ ಹಾಕಬಹುದು. ಅದು ನ್ಯಾಯವೂ ಹೌದು. ಇನ್ನೊಂದು ಕಡೆ, ಟೈಲ್ ಅಂಗಡಿಗೆ ಸಗಟು ಮಾರಿದವರಿಗೆ ನಿಮ್ಮ ಮನೆ ಮೇಲೆ ಹಕ್ಕಿಲ್ಲ. ಸಾಮಾನು ಕೊಡುವವರಿಗೆ ಸಾಮಾನು ಕೊಟ್ಟವರ ತನಕ ಸರಪಳಿ ಹೋಗುವುದಿಲ್ಲ.

ಅದಕ್ಕೇ ಶುರುವಿನಲ್ಲೇ ಕಾಂಟ್ರ್ಯಾಕ್ಟರ್ ಹತ್ತಿರ ಒಂದು ಪಟ್ಟಿ ಬರೆಸಿಕೊಳ್ಳಿ. ಪ್ರತಿ ಸಬ್ ಮತ್ತು ಅಂಗಡಿಯ ಹೆಸರು, ಲೈಸೆನ್ಸ್ ನಂಬರ್, ಅವರ ಪಾಲಿನ ಮೊತ್ತ. ಪ್ರಿಲಿಮ್ ಬಂದಾಗ ಬಂದವರ ಮುಂದೆ ಗುರುತು ಹಾಕಿ. ಪಟ್ಟಿಯಲ್ಲಿಲ್ಲದ ಹೆಸರಿನಿಂದ ಪ್ರಿಲಿಮ್ ಬಂದರೆ ಕೆಲಸ ಕೈ ಬದಲಾಗಿದೆ ಅಂತ ತಿಳಿಯಿರಿ. ಲೈಸೆನ್ಸನ್ನು ಸಿಎಸ್‌ಎಲ್‌ಬಿ (ರಾಜ್ಯದ ಕಾಂಟ್ರ್ಯಾಕ್ಟರ್ ಲೈಸೆನ್ಸ್ ಮಂಡಳಿ) ತಾಣದಲ್ಲಿ ನೋಡಬಹುದು. ಎಲೆಕ್ಟ್ರಿಕ್‌ಗೆ ಸಿ-10, ಪ್ಲಂಬಿಂಗ್‌ಗೆ ಸಿ-36, ಟೈಲ್‌ಗೆ ಸಿ-54, ಕ್ಯಾಬಿನೆಟ್‌ಗೆ ಸಿ-6. ಲೈಸೆನ್ಸ್ ಬೇಕಾದ ಕೆಲಸವನ್ನು ಲೈಸೆನ್ಸ್ ಇಲ್ಲದೆ ಮಾಡಿದವರು ಬಿಸಿನೆಸ್ ಆ್ಯಂಡ್ ಪ್ರೊಫೆಷನ್ಸ್ ಕೋಡ್‌ನ 7031ನೇ ಸೆಕ್ಷನ್ ಪ್ರಕಾರ ಕೂಲಿಗೆ ದಾವೆ ಹೂಡುವಂತಿಲ್ಲ, ಲೀನ್ ಜಾರಿ ಮಾಡಿಸುವಂತಿಲ್ಲ.

ಕಲ್ಲುಕಂಬ:
ಕಾಂಟ್ರ್ಯಾಕ್ಟರ್‌ಗೆ ಬಾಂಡ್ (ಜಾಮೀನು ಪತ್ರ) ಇರುತ್ತದಲ್ಲ, ಅದರಿಂದ ವಸೂಲಾಗುವುದಿಲ್ಲವಾ?

ದಫ್ತರ:
ಲೈಸೆನ್ಸ್ ಬಾಂಡ್ 2023ರ ಜನವರಿಯಿಂದ 25,000 ಡಾಲರ್. ಅದು ಒಂದು ಕೆಲಸಕ್ಕಲ್ಲ, ಆ ಕಾಂಟ್ರ್ಯಾಕ್ಟರ್ ಮೇಲೆ ಬರುವ ಎಲ್ಲ ಗಿರಾಕಿ, ಕೆಲಸಗಾರರಿಗೂ ಸೇರಿ. ಮುಳುಗುತ್ತಿರುವ ಕಾಂಟ್ರ್ಯಾಕ್ಟರ್‌ಗೆ ಹತ್ತು ಮನೆ ಇದ್ದರೆ ನಿಮಗೆ ಎಷ್ಟು ಸಿಕ್ಕೀತು?

ನಿಮ್ಮ ತಲೆಯಲ್ಲಿರಬೇಕಾದದ್ದು ಪೇಮೆಂಟ್ ಬಾಂಡ್, ಸಬ್‌ಗಳ, ಅಂಗಡಿಗಳ ಬಾಕಿಗೆ ಕೊಡುವ ಜಾಮೀನು, ಅದು ಬೇರೆ. ಕೆಲಸ ಶುರುವಾಗುವ ಮುಂಚೆ ಒಪ್ಪಂದವನ್ನೂ, ಒಪ್ಪಂದದ ಮೊತ್ತದ ಕನಿಷ್ಠ 50 ಶೇಕಡಾ ಬಾಂಡನ್ನೂ ಕೌಂಟಿ ರೆಕಾರ್ಡರ್ (ಆಸ್ತಿ ದಾಖಲೆ ಇಡುವ ಕಚೇರಿ) ಹತ್ತಿರ ದಾಖಲಿಸಿದರೆ, ನೀವು ಕಾಂಟ್ರ್ಯಾಕ್ಟರ್‌ಗೆ ಇನ್ನೂ ಕೊಡಬೇಕಾದ ಹಣಕ್ಕೆ ಲೀನ್ ವಸೂಲಿಯನ್ನು ಕೋರ್ಟ್ ಮಿತಿಗೊಳಿಸಬಹುದು. 80,000ಕ್ಕೆ 40,000ದ ಬಾಂಡ್. ಪ್ರೀಮಿಯಂ ಕೊನೆಗೆ ನಿಮ್ಮ ಬಿಲ್ಲಿಗೇ ಸೇರುತ್ತದೆ. ಅಡುಗೆಮನೆಗೆ ಇದು ಜಾಸ್ತಿಯಾಯಿತು ಅಂತ ನನ್ನ ಅಭಿಪ್ರಾಯ, ಮೇಲೆ ಇನ್ನೊಂದು ಅಂತಸ್ತು ಕಟ್ಟಿಸುವವರು ಖಂಡಿತ ವಿಚಾರಿಸಬೇಕು. ಕೆಲಸ ಶುರುವಾಗಿರುವುದರಿಂದ ಮಿಷನ್‌ಪೀಕ್ ಅವರಿಗೆ ಈ ದಾರಿ ಮುಚ್ಚಿದೆ.

ಮುಂಗಡ ಎಷ್ಟು ಕೊಟ್ಟಿದ್ದೀರಿ? ಮನೆ ರಿಪೇರಿ ಒಪ್ಪಂದದಲ್ಲಿ ಮುಂಗಡ 1,000 ಡಾಲರ್ ಅಥವಾ 10 ಶೇಕಡಾ, ಇದರಲ್ಲಿ ಯಾವುದು ಕಡಿಮೆಯೋ ಅದು. 80,000ಕ್ಕೆ 8,000 ಅಲ್ಲ, 1,000. ಆಮೇಲಿನ ಕಂತುಗಳು ಆಗಿರುವ ಕೆಲಸ ಮತ್ತು ಬಂದಿಳಿದ ಸಾಮಾನಿನ ಬೆಲೆಯನ್ನು ಮೀರುವಂತಿಲ್ಲ. ‘ಕ್ಯಾಬಿನೆಟ್ ಆರ್ಡರ್ ಮಾಡಬೇಕು, 20,000 ಈಗಲೇ ಕೊಡಿ’ ಅಂದರೆ ಅದು ಕಾನೂನಿಗೆ ವಿರುದ್ಧ.

ಪ್ಲೇನೋ_ಕನ್ನಡತಿ:
ಟೆಕ್ಸಸ್‌ನವರು ಇದನ್ನು ಓದಿ ಹಾಗೇ ನಡೆಯಬೇಡಿ, ಇಲ್ಲಿ ಕಾನೂನೇ ಬೇರೆ. ನಾವು ವಾಸವಿರುವ ಹೋಮ್‌ಸ್ಟೆಡ್ ಮೇಲೆ ಲೀನ್ ಬರಬೇಕಾದರೆ ಕೆಲಸ ಶುರುವಾಗುವ ಮುಂಚೆ ಲಿಖಿತ ಒಪ್ಪಂದ ಆಗಿರಬೇಕು, ಮದುವೆಯಾಗಿದ್ದರೆ ಗಂಡ ಹೆಂಡತಿ ಇಬ್ಬರ ಸಹಿಯೂ ಬೇಕು, ಕೌಂಟಿ ಕ್ಲರ್ಕ್ ಹತ್ತಿರ ದಾಖಲಾಗಬೇಕು. ಅದಕ್ಕೆ ಬದಲಾಗಿ ಮನೆಯೊಡೆಯರ ಮೇಲೂ ಒಂದು ಹೊಣೆ ಇದೆ. ಪ್ರತಿ ಹಣದಲ್ಲಿ 10 ಶೇಕಡಾ ಹಿಡಿದಿಟ್ಟು, ಕೆಲಸ ಮುಗಿದು 30 ದಿನ ಆಗುವ ತನಕ ಬಿಡಬಾರದು. ಕಾಂಟ್ರ್ಯಾಕ್ಟರ್ ಒಳ್ಳೆಯವರು ಅಂತ ಕೊಟ್ಟುಬಿಟ್ಟರೆ, ಹಿಡಿಯಬೇಕಿದ್ದ ಆ ಮೊತ್ತಕ್ಕೆ ನಾವೇ ಸಿಕ್ಕಿಬೀಳುತ್ತೇವೆ. ಸಬ್‌ನಿಂದ ಬಾಕಿಯ ನೋಟಿಸ್ ಬಂದ ಮೇಲೆ ಅಷ್ಟು ಹಣವನ್ನೂ ತಡೆಹಿಡಿಯಬೇಕು.

ಮಿಷನ್‌ಪೀಕ್:
ಮುಂಗಡ 1,000ವೇ ಕೊಟ್ಟದ್ದು. ಕೆಲಸ ಮುಗಿದ ಮೇಲೆ ಎಷ್ಟು ದಿನ ಈ ತೂಗುಕತ್ತಿ ಇರುತ್ತದೆ?

ದಫ್ತರ:
ನೀವು ಏನೂ ಮಾಡದಿದ್ದರೆ ಕೆಲಸ ಮುಗಿದು 90 ದಿನ, ಎಲ್ಲರಿಗೂ. ‘ನೋಟಿಸ್ ಆಫ್ ಕಂಪ್ಲೀಶನ್’ ದಾಖಲಿಸಿದರೆ ಸಬ್‌ಗಳಿಗೆ, ಅಂಗಡಿಗಳಿಗೆ 30 ದಿನ, ನೇರ ಕಾಂಟ್ರ್ಯಾಕ್ಟರ್‌ಗೆ 60 ದಿನ. ಕೆಲಸ ಮುಗಿದ 15 ದಿನದೊಳಗೆ ಅದು ಕೌಂಟಿ ರೆಕಾರ್ಡರ್ ಆಫೀಸಿನಲ್ಲಿ ದಾಖಲಾಗಬೇಕು, ನಿಮ್ಮದು ಅಲಮೀಡಾ ಕೌಂಟಿ, ಓಕ್‌ಲ್ಯಾಂಡ್‌ನಲ್ಲಿ.

ಜೂನ್ 2ಕ್ಕೆ ಮುಗಿಯಿತು, ಜೂನ್ 5ಕ್ಕೆ ದಾಖಲಿಸಿದಿರಿ ಅನ್ನಿ. ಟೈಲ್ ಅಂಗಡಿಗೆ ಜುಲೈ 5 ಗಡುವು, ಕಾಂಟ್ರ್ಯಾಕ್ಟರ್‌ಗೆ ಆಗಸ್ಟ್ 4. ದಾಖಲಿಸದಿದ್ದರೆ ಇಬ್ಬರಿಗೂ ಆಗಸ್ಟ್ 31. ಕೊನೆಯ ಕಂತಿನ ದಿನವನ್ನು ಆ 30 ದಿನ ಕಳೆದ ಮೇಲೆ ಇಡುವಂತೆ ಒಪ್ಪಂದದಲ್ಲೇ ಬರೆಸಿದ್ದರೆ ಕೈಲಿ ಹಣ ಇರುವಾಗಲೇ ಯಾರ ಬಾಕಿ ಇದೆ ಅಂತ ಗೊತ್ತಾಗುತ್ತದೆ.

ಅವಸರ ಮಾಡಬೇಡಿ. ಸಿಂಕ್ ಕೂರಿಸುವುದು ಬಾಕಿ ಇರುವಾಗಲೇ ‘ಮುಗಿಯಿತು’ ಅಂತ ದಾಖಲಿಸಿದರೆ ಆ ನೋಟಿಸಿಗೆ ಬೆಲೆ ಇಲ್ಲ, ಗಡುವು ಮತ್ತೆ 90ಕ್ಕೆ ಹೋಗುತ್ತದೆ. 16ನೇ ದಿನ ದಾಖಲಿಸಿದರೂ ಅದೇ ಗತಿ. ದಾಖಲಾದ ಪ್ರತಿಯನ್ನು ಕಾಂಟ್ರ್ಯಾಕ್ಟರ್‌ಗೂ, ಪ್ರಿಲಿಮ್ ಕಳಿಸಿದ ಎಲ್ಲರಿಗೂ 10 ದಿನದೊಳಗೆ ಸರ್ಟಿಫೈಡ್ ಅಂಚೆಯಲ್ಲಿ ಕಳಿಸಿ. ನಾವೇ ವಾಸವಿರುವ ಮನೆಗೆ ಇದು ಕಡ್ಡಾಯವಲ್ಲ, ಆದರೂ ಕಳಿಸಿದರೆ ಗಡುವು ಗೊತ್ತಿರಲಿಲ್ಲ ಅನ್ನುವ ಮಾತು ಬರುವುದಿಲ್ಲ.

ಕಾಂಟ್ರ್ಯಾಕ್ಟರ್ ನಡುವೆಯೇ ಕೈಬಿಟ್ಟು ಹೋದರೆ? ಸತತ 60 ದಿನ ಕೆಲಸ ನಿಂತಿದ್ದರೆ ಅದನ್ನೂ ಮುಗಿದಂತೆಯೇ ಎಣಿಸುತ್ತಾರೆ. 30 ದಿನ ನಿಂತಿದ್ದರೆ ‘ನೋಟಿಸ್ ಆಫ್ ಸೆಸೇಶನ್’ ದಾಖಲಿಸಿ ಗಡುವನ್ನು ಹಾಗೇ 30, 60ಕ್ಕೆ ಇಳಿಸಬಹುದು.

ಸಿಯೆರಾ_ಗೃಹಿಣಿ:
ಇಷ್ಟೆಲ್ಲ ಆದ ಮೇಲೂ ಲೀನ್ ಬಿದ್ದರೆ?

ಗಾರೆಮನೆ:
ಮೊದಲು ದಿನಾಂಕಗಳನ್ನು ಕೂಡಿಸಿ ಕಳೆದು ನೋಡಿ ಮೇಡಂ. ಪ್ರಿಲಿಮ್ ಬಂದಿತ್ತಾ, ಗಡುವಿನೊಳಗೆ ದಾಖಲಾಯಿತಾ, ಲೀನ್‌ನ ಪ್ರತಿ ನಿಮಗೆ ಕಳಿಸಿದ್ದಾರಾ. ಪ್ರತಿ ಕಳಿಸದ ಲೀನ್ ಜಾರಿಯಾಗುವುದಿಲ್ಲ. ದಾಖಲಾದ 90 ದಿನದೊಳಗೆ ಅವರು ದಾವೆ ಹೂಡಲೇಬೇಕು. ಜುಲೈ 1ರ ಲೀನ್ ಸೆಪ್ಟೆಂಬರ್ 29ರೊಳಗೆ ಕೋರ್ಟ್ ಮೆಟ್ಟಿಲು ಹತ್ತದಿದ್ದರೆ ಸತ್ತಂತೆ. ಆ ನಡುವೆ ‘ಸ್ವಲ್ಪ ಸಮಯ ಕೊಡುತ್ತೇವೆ, ಇಲ್ಲಿ ಸಹಿ ಹಾಕಿ’ ಅಂತ ‘ಎಕ್ಸ್‌ಟೆನ್ಶನ್ ಆಫ್ ಕ್ರೆಡಿಟ್’ ಕಾಗದ ತಂದರೆ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ಅದನ್ನು ದಾಖಲಿಸಿದರೆ ಅವರ ಗಡುವು ಬೆಳೆಯುತ್ತದೆ.

ಸತ್ತ ಲೀನ್ ತಾನಾಗಿ ರಿಕಾರ್ಡಿನಿಂದ ಅಳಿಯುವುದಿಲ್ಲ. ತೆಗೆಯಿರಿ ಅಂತ 10 ದಿನದ ನೋಟಿಸ್ ಕೊಡಿ. ತೆಗೆಯದಿದ್ದರೆ ಸುಪೀರಿಯರ್ ಕೋರ್ಟಿನಲ್ಲಿ ಬಿಡುಗಡೆ ಅರ್ಜಿ. ಗೆದ್ದವರಿಗೆ ವಕೀಲರ ಫೀಸು ಎದುರಿನವರಿಂದ ಸಿಗುತ್ತದೆ. ಮನೆ ಮಾರಾಟ ನಡುವೆ ಇದೆ, ಕಾಯಲಾಗದು ಅಂದರೆ ಲೀನ್ ಮೊತ್ತದ 125 ಶೇಕಡಾ ಬಾಂಡ್ ದಾಖಲಿಸಿ ಮನೆಯನ್ನು ಬಿಡಿಸಿಕೊಳ್ಳಬಹುದು, 9,000ಕ್ಕೆ 11,250. ಜಗಳ ಆಮೇಲೆ ಬಾಂಡ್ ಮೇಲೆ ನಡೆಯುತ್ತದೆ.

ಸಬ್ ನ್ಯಾಯವಾಗಿಯೇ ದಾವೆ ಹೂಡಿದ್ದರೆ, ಅಷ್ಟು ಹಣವನ್ನು ಕಾಂಟ್ರ್ಯಾಕ್ಟರ್‌ಗೆ ಕೊಡದೆ ತಡೆಹಿಡಿಯುವ ಹಕ್ಕು ನಿಮಗಿದೆ, ಆ ದಾವೆಯನ್ನು ತನ್ನ ಖರ್ಚಿನಲ್ಲಿ ಎದುರಿಸಬೇಕಾದವರು ಕಾಂಟ್ರ್ಯಾಕ್ಟರೇ (ಸಿವಿಲ್ ಕೋಡ್ 8470).

ದಫ್ತರ:
ಸಬ್‌ನಿಂದಲೋ ಅಂಗಡಿಯಿಂದಲೋ ‘ಸ್ಟಾಪ್ ಪೇಮೆಂಟ್ ನೋಟಿಸ್’ ಅಂತ ಬಂದರೆ ಅದನ್ನು ಪ್ರಿಲಿಮ್ ಜತೆ ಬೆರೆಸಬೇಡಿ. ಅದು ಬಂದ ಕ್ಷಣದಿಂದ ಅಷ್ಟು ಹಣ ಕಾಂಟ್ರ್ಯಾಕ್ಟರ್‌ಗೆ ದಾಟಿಸಬಾರದು. ದಾಟಿಸಿದರೆ ಆ ಮೊತ್ತಕ್ಕೆ ನೀವೇ ಹೊಣೆ.

ಮಿಷನ್‌ಪೀಕ್:
ಮೂವರ ಕರಾರಿಗೆ ಇಬ್ಬರೂ ಒಪ್ಪಿದ್ದಾರೆ. ಟೈಲ್ ಅಂಗಡಿಯ 8132 ಇಮೇಲ್‌ನಲ್ಲಿ ಬಂದಿದೆ. ಮೊತ್ತ 9,000, ಚೆಕ್ ಇಬ್ಬರ ಹೆಸರಿಗೆ ಅಂತ ಸರಿಯಾಗಿದೆ. ‘ಥ್ರೂ ಡೇಟ್’ ಮಾತ್ರ ಖಾಲಿ.

ಗಾರೆಮನೆ:
ವಾಪಸ್ ಕಳಿಸಿ ಸರ್. ಟೈಲ್‌ನ ಕೊನೆಯ ಡೆಲಿವರಿ ಚೀಟಿ ನೋಡಿ, ಅದರ ದಿನಾಂಕವೋ ಅದರ ಮುಂದಿನದೋ ಅವರೇ ತುಂಬಿ ಸಹಿ ಮಾಡಿ ಕಳಿಸಲಿ. ನೀವು ತುಂಬಬೇಡಿ. ಅದು ಬರುವ ತನಕ ಚೆಕ್ ನಿಮ್ಮ ಹತ್ತಿರವೇ ಇರಲಿ.